ಆಪಾಳ ಫೋಟೋ, ಅಡುಗೆಮನೆಯ ಮೇಜು

ಕಳೆದ ವರ್ಷ ಈದ್ ಮುಗಿದ ಮೇಲೆ ಆಪಾಳ ಜೊತೆ ನಾನು ಫೋಟೋ ಸ್ಟುಡಿಯೋಗೆ ಹೋಗಿದ್ದೆ. ರಿಷ್ತೆಗೆ ಕಳಿಸಲು ಒಂದು ಫೋಟೋ ಬೇಕಿತ್ತು. ಸ್ಟುಡಿಯೋದವರು ಹಿಂದೆ ನೀಲಿ ಪರದೆ ಇಳಿಬಿಟ್ಟರು. ಸ್ಟೂಲಿನ ಮೇಲೆ ಕೂರಿಸಿ ಗಲ್ಲ ಎತ್ತಿಸಿದರು, ಕೈಗೆ ಪ್ಲಾಸ್ಟಿಕ್ ಗುಲಾಬಿ ಕೊಟ್ಟರು. ಆಪಾ ಜೀವನದಲ್ಲಿ ಎಂದೂ ಹಾಗೆ ಕೂತವಳಲ್ಲ. ಫೋಟೋ ತೆಗೆದು ಕಂಪ್ಯೂಟರ್ ಮುಂದೆ ಬಂದು, "ಎಷ್ಟು ಲೈಟ್ ಮಾಡ್ಲಿ?" ಎಂದು ಕೇಳಿದರು. ಆಪಾ ಏನೂ ಹೇಳಲಿಲ್ಲ. ಪರದೆಯ ಮೇಲೆ ಅವಳ ಮುಖ ಒಂದೊಂದೇ ಹಂತ ಬೆಳ್ಳಗಾಗುತ್ತಿತ್ತು. "ಇನ್ನೂ ಸ್ವಲ್ಪ ಮಾಡಿ ಅಣ್ಣ" ಎಂದವಳು ನಾನು.

ಎರಡು ತಿಂಗಳ ನಂತರ ಒಂದು ಮನೆಯವರು ನೋಡಲು ಬಂದರು. ಚಹಾ ಕುಡಿದರು, ಸಮೋಸಾ ತಿಂದರು, ಚೆನ್ನಾಗಿ ಮಾತಾಡಿದರು. ಹೊರಡುವಾಗ ಅವರಲ್ಲಿ ಒಬ್ಬರು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ, "ಫೋಟೋದಲ್ಲಿ ಬೇರೆ ಥರ ಇದ್ದಳು" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಒಳಗಿದ್ದ ಆಪಾಳಿಗೂ ಕೇಳಿಸಿತು. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಾನಂತೂ ಸುಮ್ಮನೆ ಅಕೌಂಟೆನ್ಸಿ ಪುಸ್ತಕ ತೆಗೆದುಕೊಂಡು ಕೂತೆ. ಹಣಕಾಸು ತಃಖ್ತೆಗಳ ಮಿತಿಗಳು ಎಂಬ ಪಾಠದಲ್ಲಿ ವಿಂಡೋ ಡ್ರೆಸ್ಸಿಂಗ್ ಅಂತ ಬರುತ್ತದೆ. ವ್ಯವಹಾರದ ಸ್ಥಿತಿ ಇರುವುದಕ್ಕಿಂತ ಚೆನ್ನಾಗಿ ಕಾಣುವಂತೆ ಲೆಕ್ಕವನ್ನು ಸಿಂಗರಿಸುವುದು. ಆ ಪಾಠ ನನಗೆ ಅವತ್ತು ಬೇಡವಾಗಿತ್ತು.

ಇದನ್ನು ಈಗ ಬರೆಯಲು ಕಾರಣ ನಮ್ಮ ಇಂಗ್ಲಿಷ್ ಸರ್. ಸ್ಟ್ಯಾಟಿಸ್ಟಿಕ್ಸ್ ಪೀರಿಯಡ್ ಖಾಲಿ ಇದ್ದ ಒಂದು ದಿನ ಅವರು ಬಂದು, ಪಾಠ ಮಾಡುವುದಿಲ್ಲ, ಫೋಟೋ ತೋರಿಸುತ್ತೇನೆ ಎಂದು ಪ್ರೊಜೆಕ್ಟರ್ ಹಾಕಿದರು. ಕ್ಯಾರಿ ಮೇ ವೀಮ್ಸ್ ಎಂಬ ಅಮೆರಿಕದ ಕಪ್ಪು ಜನಾಂಗದ ಛಾಯಾಗ್ರಾಹಕಿ 1990ರಲ್ಲಿ ಪೂರೈಸಿದ 'ಕಿಚನ್ ಟೇಬಲ್ ಸೀರೀಸ್' ಅದು. ಒಟ್ಟು 20 ಕಪ್ಪು ಬಿಳುಪು ಫೋಟೋಗಳು, ಅವುಗಳ ಜೊತೆ ಕಥೆಯಂತೆ ಓದಿಸಿಕೊಳ್ಳುವ 14 ಬರಹದ ಫಲಕಗಳು. ಸರ್ ಎಲ್ಲವನ್ನೂ ತೋರಿಸಲಿಲ್ಲ. ಸಿಗರೇಟು, ಇಸ್ಪೀಟು ಇದ್ದದ್ದನ್ನು ಬೇಗ ಬೇಗ ದಾಟಿಸಿದರು. ಹಿಂದಿನ ಬೆಂಚಿನವರು ಅಲ್ಲೇ ನಿಲ್ಲಿಸಿ ಸರ್ ಎಂದು ನಕ್ಕರು.

ಮೊದಲ ನಾಲ್ಕು ಫೋಟೋ ನೋಡಿದಾಗ ಇದರಲ್ಲೇನಿದೆ ಅನ್ನಿಸಿತು. ಒಂದು ಕೋಣೆ. ಉದ್ದನೆಯ ಮರದ ಮೇಜು. ಮೇಲಿನಿಂದ ಇಳಿಬಿದ್ದ ಒಂದೇ ಒಂದು ದೀಪ. ಎಲ್ಲ ಫೋಟೋಗಳಲ್ಲೂ ಅದೇ ಮೇಜು, ಅದೇ ದೀಪ, ಅದೇ ಹೆಂಗಸು. ಗೋಡೆಯ ಮೇಲಿನ ವಸ್ತುಗಳು ಬದಲಾಗುತ್ತವೆ, ಬಂದು ಹೋಗುವ ಜನ ಬದಲಾಗುತ್ತಾರೆ. ಒಂದರಲ್ಲಿ ಗಂಡಸು ಪೇಪರ್ ಓದುತ್ತಿರುತ್ತಾನೆ. ಇನ್ನೊಂದರಲ್ಲಿ ಗೆಳತಿಯರು ಕೂಡಿದ್ದಾರೆ. ಮತ್ತೊಂದರಲ್ಲಿ ಮಕ್ಕಳು. ಕೊನೆಗೆ ಅವಳೊಬ್ಬಳೇ ಕೂತು ಇಸ್ಪೀಟಿನ ಎಲೆಗಳನ್ನು ಹರಡಿಕೊಂಡಿದ್ದಾಳೆ. ಒಂದು ಫೋಟೋದಲ್ಲಂತೂ ಅವಳು ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ ನಿಂತು ನೇರ ನಮ್ಮನ್ನೇ ನೋಡುತ್ತಾಳೆ. ತರಗತಿಯಲ್ಲಿ ಅಷ್ಟು ಹೊತ್ತು ಗಲಾಟೆ ಇತ್ತು. ಆ ಫೋಟೋ ಬಂದಾಗ ನಿಂತುಹೋಯಿತು. ಯಾರೋ ದೊಡ್ಡವರು ಬಾಗಿಲಲ್ಲಿ ಬಂದು ನಿಂತ ಹಾಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಾಯಿ ಮಗಳ ಫೋಟೋ. ಹೆಂಗಸು ತನ್ನ ಎದುರಿಗೆ ಕನ್ನಡಿ ಇಟ್ಟುಕೊಂಡು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಪುಟ್ಟ ಹುಡುಗಿ, ಅವಳ ಮುಂದೆಯೂ ಒಂದು ಕನ್ನಡಿ, ಅವಳೂ ಅದನ್ನೇ ಮಾಡುತ್ತಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಆದರೂ ಹುಡುಗಿ ಯಾರಿಂದ ಏನು ಕಲಿಯುತ್ತಿದ್ದಾಳೆ ಎಂದು ಕೇಳುವ ಅಗತ್ಯವೇ ಇಲ್ಲ. ಸರ್ ಕೇಳಿದರು, "ನೀವು ಎಲ್ಲಿ ಕೂತು ನೋಡ್ತಿದ್ದೀರಿ, ಗಮನಿಸಿದಿರಾ?" ಕ್ಯಾಮೆರಾ ಮೇಜಿನ ಈಚೆ ತುದಿಯಲ್ಲಿದೆ. ನಮ್ಮ ಕಡೆಯ ಕುರ್ಚಿ ಖಾಲಿ. ಅಂದರೆ ನೋಡುವವರು ಆ ಮನೆಗೆ ಬಂದು ಮೇಜಿಗೆ ಕೂತ ಹಾಗೆ. ಎದ್ದು ಹೋಗಬಹುದು, ಆದರೆ ಕೂತಿರುವಷ್ಟು ಹೊತ್ತು ಅವರ ಮನೆಯ ಅತಿಥಿ.

ಆಮೇಲೆ ಸರ್ ಹೇಳಿದ ಮಾತು ಕೇಳಿ ನನಗೆ ಬೇಜಾರಾಯಿತು. ಆ ಹೆಂಗಸು ಸ್ವತಃ ವೀಮ್ಸ್ ಅವರೇ. ಮೇಜು ಅವರದೇ ಮನೆಯದು. ಆದರೆ ಆ ಗಂಡಸು ಅವರ ಗಂಡನಲ್ಲ, ಆ ಹುಡುಗಿ ಅವರ ಮಗಳಲ್ಲ. ಗುರುತಿನವರನ್ನು ಕರೆದು, ಕೂರಿಸಿ, ಬೆಳಕು ಹೊಂದಿಸಿ ತೆಗೆದ ಫೋಟೋಗಳು. ನಾಟಕದ ಹಾಗೆ. ನಾನು ಕೈ ಎತ್ತಿ ಕೇಳಿದೆ, "ಹಾಗಾದ್ರೆ ಇದು ಸುಳ್ಳು ಅಲ್ವಾ ಸರ್?" ನನ್ನ ತಲೆಯಲ್ಲಿ ಆಗ ಇದ್ದದ್ದು ನೀಲಿ ಪರದೆ ಮತ್ತು ಪ್ಲಾಸ್ಟಿಕ್ ಗುಲಾಬಿ. ಸರ್ ಉತ್ತರ ಹೇಳಲಿಲ್ಲ, ಇವರು ಇದಕ್ಕೂ ಮೊದಲು ಏನು ಮಾಡಿದ್ದರು ಅಂತ ಓದಿಕೊಂಡು ಬಾ ಎಂದರು. ಸರ್ ಹೀಗೆಯೇ. ಪ್ರಶ್ನೆ ಕೇಳಿದವರಿಗೇ ಹೋಂವರ್ಕ್.

ಓದಿದೆ. ವೀಮ್ಸ್ ಹುಟ್ಟಿದ್ದು 1953ರಲ್ಲಿ, ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಅವರ ಹಿರಿಯರು ದಕ್ಷಿಣದ ಮಿಸಿಸಿಪ್ಪಿಯಿಂದ ಬಂದವರು. ಮೊದಲು ಅವರು ತೆಗೆದದ್ದು ತಮ್ಮ ನಿಜವಾದ ಕುಟುಂಬದ ಫೋಟೋಗಳನ್ನೇ. 1978ರಿಂದ 1984ರವರೆಗೆ ಮಾಡಿದ ಆ ಸರಣಿಯ ಹೆಸರು 'ಫ್ಯಾಮಿಲಿ ಪಿಕ್ಚರ್ಸ್ ಅಂಡ್ ಸ್ಟೋರೀಸ್'. ಅಮ್ಮ, ಅಪ್ಪ, ಒಡಹುಟ್ಟಿದವರು, ಮನೆತುಂಬ ಮಕ್ಕಳು, ನಗು, ಜಗಳ. ಅದರ ಹಿಂದೆ ಒಂದು ಸಿಟ್ಟಿತ್ತು. 1965ರಲ್ಲಿ ಡ್ಯಾನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಎಂಬ ಅಧಿಕಾರಿ ಅಮೆರಿಕ ಸರ್ಕಾರಕ್ಕಾಗಿ ಕಪ್ಪು ಕುಟುಂಬಗಳ ಬಗ್ಗೆ ಒಂದು ವರದಿ ಬರೆದಿದ್ದರು. ಆ ಜನರ ಕಷ್ಟಕ್ಕೆ ದೊಡ್ಡ ಕಾರಣ ಅವರ ಕುಟುಂಬಗಳು ಒಡೆದಿರುವುದು, ಮನೆ ಹೆಂಗಸರ ಕೈಯಲ್ಲಿರುವುದು ಎಂಬ ಅರ್ಥದಲ್ಲಿ ಅದು ಓದಿಸಿಕೊಂಡಿತು. ಗುಲಾಮಗಿರಿಯಿಂದಲೂ ನಿರುದ್ಯೋಗದಿಂದಲೂ ಆದ ಗಾಯದ ಮಾತು ಅದರಲ್ಲಿ ಇರಲಿಲ್ಲವೆಂದಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬೈಗುಳ. ನಿಮ್ಮ ಮನೆಯೇ ಸರಿಯಿಲ್ಲ ಎಂದು ಹೊರಗಿನವರು ಕಡತದಲ್ಲಿ ಬರೆದಿಟ್ಟರೆ ಏನು ಮಾಡುವುದು? ವೀಮ್ಸ್ ತಮ್ಮ ಮನೆಯ ಬಾಗಿಲು ತೆರೆದು, ಇದು ನಮ್ಮ ಮನೆ ಎಂದು ತೋರಿಸಿದರು.

ಇದನ್ನು ಮೊದಲು ಮಾಡಿದವರು ಅವರೊಬ್ಬರೇ ಅಲ್ಲ. 1900ರಲ್ಲಿ ಪ್ಯಾರಿಸ್‌ನಲ್ಲಿ ಜಾಗತಿಕ ಪ್ರದರ್ಶನ ನಡೆದಾಗ ಡು ಬೋಯ್ಸ್ ಎಂಬ ಕಪ್ಪು ವಿದ್ವಾಂಸರು ತಮ್ಮ ಜನರ 363 ಫೋಟೋಗಳನ್ನು ಆಲ್ಬಂಗಳಲ್ಲಿ ಜೋಡಿಸಿ ಅಲ್ಲಿಗೆ ಒಯ್ದಿದ್ದರು. ಒಳ್ಳೆಯ ಬಟ್ಟೆ ಹಾಕಿ ಕೂತವರು, ಮನೆಗಳು, ಅಂಗಡಿಗಳು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಆ ಜನರನ್ನು ಕೋಡಂಗಿಗಳಂತೆ ಬರೆಯುತ್ತಿದ್ದ ಕಾಲ ಅದು. ಆ ಫೋಟೋಗಳಲ್ಲಿ ಕೂತವರೂ ಸ್ಟುಡಿಯೋದಲ್ಲೇ, ಪರದೆಯ ಮುಂದೆಯೇ ಕೂತಿದ್ದರು. ಆದರೆ ಅವರು ಬೇರೆಯವರ ಹಾಗೆ ಕಾಣಲು ಕೂತಿರಲಿಲ್ಲ.

ಹಾಗಾದರೆ ನಿಜವಾದ ಕುಟುಂಬ ಇರುವಾಗ ವೀಮ್ಸ್ ನಟನೆಗೆ ಏಕೆ ಹೋದರು? ನನಗೆ ಅರ್ಥವಾದದ್ದು ಇಷ್ಟು. ನಿಜವಾದ ಅಮ್ಮನ ಫೋಟೋ ತೆಗೆದರೆ ನೋಡುವವರು ಪಾಪ, ಅವಳ ಕಥೆ ಎಂದು ಬಿಟ್ಟುಬಿಡುತ್ತಾರೆ. ಹೆಸರಿಲ್ಲದ ಒಬ್ಬ ಹೆಂಗಸನ್ನು ಕೂರಿಸಿದರೆ ಅಲ್ಲಿ ಯಾರು ಬೇಕಾದರೂ ಕೂರಬಹುದು. ಇನ್ನೊಂದು, ಮನೆಯಲ್ಲಿ ನಿಜವಾದ ಮಾತು ನಡೆಯುವಾಗ ಯಾರೂ ಕ್ಯಾಮೆರಾ ತೆಗೆಯುವುದಿಲ್ಲ. ಪೇಪರ್ ಹಿಡಿದ ಗಂಡನ ಪಕ್ಕ ಹೆಂಡತಿ ಸುಮ್ಮನೆ ಕೂತಿರುವ ಆ ಐದು ನಿಮಿಷದ ಫೋಟೋ ಯಾರ ಆಲ್ಬಂನಲ್ಲಿದೆ? ನಮ್ಮ ಆಲ್ಬಂನಲ್ಲಿ ವಲೀಮಾ ಇದೆ, ಅಖೀಖಾ ಇದೆ, ಅಬ್ಬಾ ಅಂಗಡಿ ತೆರೆದ ದಿನ ಇದೆ. ಅಮ್ಮಿ ಯೋಚಿಸುತ್ತ ಕೂತ ಫೋಟೋ ಒಂದೂ ಇಲ್ಲ. ಫಲಕಗಳ ಬರಹದಲ್ಲೂ ತಾಯ್ತನ ಎಂದರೆ ಬರೀ ಸಂತೋಷ ಎಂದು ಬರೆದಿಲ್ಲ. ಪ್ರೀತಿ ಶುರುವಾಗುತ್ತದೆ, ತಕರಾರು ಬರುತ್ತದೆ, ಮಗು ದಣಿಸುತ್ತದೆ, ಅವನು ಹೋಗುತ್ತಾನೆ, ಅವಳು ಉಳಿಯುತ್ತಾಳೆ.

ಬೆಳಕಿನ ವಿಷಯ ಹೇಳದಿದ್ದರೆ ಆಪಾಳ ಕಥೆ ಪೂರ್ತಿಯಾಗುವುದಿಲ್ಲ. ವೀಮ್ಸ್ ಬಳಸಿದ್ದು ಕಪ್ಪು ಬಿಳುಪು ಫಿಲ್ಮ್. ಬಣ್ಣದ ಫಿಲ್ಮಿನ ಚರಿತ್ರೆ ಬೇರೆಯೇ ಇದೆ. ಕೊಡ್ಯಾಕ್ ಕಂಪನಿ ಫೋಟೋ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕೊಡುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು. ಶರ್ಲಿಯ ಮೈಬಣ್ಣ ಸರಿ ಬಂದರೆ ಪ್ರಿಂಟ್ ಸರಿ. ಬಿಳಿಯ ಮಕ್ಕಳ ನಡುವೆ ಕಪ್ಪು ಮಗು ನಿಂತರೆ ಅದರ ಕಣ್ಣು ಹಲ್ಲು ಬಿಟ್ಟು ಬೇರೇನೂ ಸರಿಯಾಗಿ ಮೂಡುತ್ತಿರಲಿಲ್ಲ. ಆ ಮಕ್ಕಳ ತಾಯಂದಿರ ಮಾತು ಕಂಪನಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ವ್ಯಾಪಾರಿಗಳ ದೂರು. ಗಾಢ ಕಂದು, ತಿಳಿ ಕಂದು ಎರಡೂ ಒಂದೇ ಥರ ಬರುತ್ತಿವೆ ಎಂದು ಅವರು ಹೇಳಿದ ಮೇಲೆ ಫಿಲ್ಮ್ ಸುಧಾರಿಸಿತು. ಕಾಮರ್ಸ್ ವಿದ್ಯಾರ್ಥಿನಿಯಾಗಿ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗ್ರಾಹಕನೇ ರಾಜ ಎಂದು ನಾವು ಬರೆಯುತ್ತೇವೆ. ಯಾವ ಗ್ರಾಹಕ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಅಡುಗೆಮನೆಯ ಮೇಜಿಗಿಂತ ಮೊದಲು ವೀಮ್ಸ್ ಮಾಡಿದ ಒಂದು ಫೋಟೋದಲ್ಲಿ ಕಪ್ಪು ಹೆಂಗಸೊಬ್ಬಳು ಕನ್ನಡಿ ಹಿಡಿದಿದ್ದಾಳೆ. ಸ್ನೋ ವೈಟ್ ಕಥೆಯ ರಾಣಿಯ ಹಾಗೆ ಎಲ್ಲರಿಗಿಂತ ಚೆಲುವೆ ಯಾರು ಎಂದು ಕೇಳುತ್ತಾಳೆ. ಕನ್ನಡಿ ಅವಳನ್ನು ಬೈದು, ಸ್ನೋ ವೈಟ್ ಎನ್ನುತ್ತದೆ. ಆ ಬೈಗುಳವನ್ನು ಇಲ್ಲಿ ಬರೆಯಲಾರೆ. ಅಮೆರಿಕದ ಕಪ್ಪು ಜನ ಅನುಭವಿಸಿದ್ದನ್ನೂ ನಮ್ಮ ಮನೆಗಳ ಗೋರಿ-ಸಾಂವ್ಲಿ ಮಾತನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂಬುದು ನನಗೆ ಗೊತ್ತು. ಅವರನ್ನು ಮಾರಿದ್ದರು, ಕೊಂಡಿದ್ದರು. ನಮ್ಮದು ಅದಲ್ಲ. ಆದರೂ ಆ ಕನ್ನಡಿಯ ಜಾಗದಲ್ಲಿ ಸ್ಟುಡಿಯೋದ ಕಂಪ್ಯೂಟರ್ ನೆನಪಾಯಿತು. ಕನ್ನಡಿಯ ಪರವಾಗಿ ಉತ್ತರ ಹೇಳಿದವಳು ನಾನೇ ಆಗಿದ್ದೆ.

(ನಡುವೆ ಒಂದು ಮಾತು. ಆಫ್ರಿಕಾ ಮೂಲದವರು ನಮ್ಮ ರಾಜ್ಯದಲ್ಲೂ ಇದ್ದಾರೆ, ಉತ್ತರ ಕನ್ನಡದ ಸಿದ್ದಿಗಳು. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಅವರು ಕುಣಿಯುವ ಫೋಟೋಗಳನ್ನು ಎಷ್ಟೋ ನೋಡಿದ್ದೇನೆ. ಊಟಕ್ಕೆ ಕೂತ ಒಂದು ಫೋಟೋವನ್ನೂ ನೋಡಿಲ್ಲ.)

ಡೀನಾ ಲಾಸನ್ ಎಂಬ ಇನ್ನೊಬ್ಬ ಕಪ್ಪು ಛಾಯಾಗ್ರಾಹಕಿ ಇದ್ದಾರೆ. ಹುಟ್ಟಿದ್ದು 1979ರಲ್ಲಿ, ಕೊಡ್ಯಾಕ್ ಕಂಪನಿಯ ಊರಾದ ರಾಚೆಸ್ಟರ್‌ನಲ್ಲೇ. ಅವರು ದಾರಿಯಲ್ಲಿ ಸಿಕ್ಕ ಅಪರಿಚಿತರನ್ನು ಒಪ್ಪಿಸಿ, ಸೋಫಾ ಪರದೆ ಎಲ್ಲ ಹೊಂದಿಸಿ, ಒಂದೇ ಕುಟುಂಬದವರಂತೆ ಬಣ್ಣದಲ್ಲಿ ಫೋಟೋ ತೆಗೆಯುತ್ತಾರೆ. ಅವು ಚೆನ್ನಾಗಿವೆ, ಆದರೆ ನನಗೆ ಸ್ವಲ್ಪ ಹೆಚ್ಚು ಸಿಂಗಾರ ಅನ್ನಿಸಿತು. ವೀಮ್ಸ್ ಅವರ ಬರಿಯ ಮೇಜೇ ನನಗೆ ಸಾಕು.

ನಮ್ಮ ಮನೆಯಲ್ಲಿ ಮೇಜಿಲ್ಲ. ನೆಲದ ಮೇಲೆ ದಸ್ತರ್‌ಖ್ವಾನ್ ಹಾಸಿ ಊಟ. ಗೋಡೆಯ ಮೇಲೆ ಫೋಟೋಗಳೂ ಇಲ್ಲ. ಮನುಷ್ಯರ ಚಿತ್ರ ತೂಗುಹಾಕುವುದು ದಾದಿಮಾಗೆ ಇಷ್ಟವಿಲ್ಲ. ಗಡಿಯಾರ, ಕ್ಯಾಲೆಂಡರ್, ಕಾಬಾದ ಚಿತ್ರ, ಅಷ್ಟೇ. ಒಂದು ಭಾನುವಾರ ಜೊಹರ್ ನಮಾಜ್ ಆದ ಮೇಲೆ, ಅಬ್ಬಾ ಅಂಗಡಿಯಲ್ಲಿದ್ದಾಗ, ನಾವೂ ಒಂದು ಫೋಟೋ ಮಾಡೋಣ ಎಂದೆ. ಮೊದಲು ಆಪಾಳಿಗೆ ವೀಮ್ಸ್ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದೆ. ತಾಯಿ ಮಗಳ ಕನ್ನಡಿಯ ಫೋಟೋ ಬಂದಾಗ ಧೈರ್ಯ ಮಾಡಿ, "ಆಪಾ, ಸ್ಟುಡಿಯೋದಲ್ಲಿ ಇನ್ನೂ ಲೈಟ್ ಮಾಡಿ ಅಂದಿದ್ದು ತಪ್ಪಾಯ್ತು" ಎಂದೆ. ಅವಳು ಫೋಟೋ ನೋಡುತ್ತಲೇ, "ನಾನು ಬೇಡ ಅನ್ನಬಹುದಿತ್ತಲ್ಲ, ಅನ್ನಲಿಲ್ಲ" ಎಂದಳು. ಅಷ್ಟೇ. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಆನಿಸಿ ದಸ್ತರ್‌ಖ್ವಾನಿನ ಒಂದು ತುದಿಯಲ್ಲಿ ಇಟ್ಟೆ. 10 ಸೆಕೆಂಡಿನ ಟೈಮರ್. ಪಾತ್ರಗಳನ್ನು ಅದಲುಬದಲು ಮಾಡಿದೆವು. ಆಪಾ ಅಮ್ಮಿ ಆದಳು. ನಾನು ಅಬ್ಬಾ ಅವರ ಹಳೆಯ ಕನ್ನಡಕ ಹಾಕಿ, ಪೇಪರ್ ಹಿಡಿದು ಅಬ್ಬಾ ಆದೆ. ಅಮ್ಮಿ ಮೊದಲು "ಫೋಟೂ ನಕ್ಕೋ" ಎಂದು ಒಳಗೆ ಹೋದರು. ಆಮೇಲೆ ನಮ್ಮ ನಗು ಕೇಳಿ ಬಾಗಿಲಿಗೆ ಬಂದು, "ನಾನ್ಯಾರು ಹಾಗಾದ್ರೆ?" ಎಂದರು. "ನೀವು ಆಪಾ" ಎಂದೆ. ತಮಾಷೆಗೆ ಹೇಳಿದ್ದು.

ಅಮ್ಮಿ ಒಳಗೆ ಹೋಗಿ ಸ್ಟೀಲ್ ಟ್ರೇಯಲ್ಲಿ ನಾಲ್ಕು ಖಾಲಿ ಕಪ್ ಇಟ್ಟುಕೊಂಡು ಬಂದರು. ಸೆರಗು ತಲೆಯ ಮೇಲೆ, ಕಣ್ಣು ನೆಲದ ಕಡೆ. ಹೇಗೆ ನಿಲ್ಲಬೇಕು, ಎಲ್ಲಿ ನೋಡಬೇಕು ಎಂದು ನಾನು ಏನೂ ಹೇಳಿರಲಿಲ್ಲ. ಮೊಬೈಲ್ ಟಿಕ್ ಟಿಕ್ ಎಂದು ಎಣಿಸಿ ಫೋಟೋ ತೆಗೆದಾಯಿತು. ಅಮ್ಮಿ ಹಾಗೇ ನಿಂತಿದ್ದರು. ಆಪಾ ನಗುವುದನ್ನು ನಿಲ್ಲಿಸಿದಳು.

"ನನ್ನನ್ನು ನೋಡಲು ಬಂದಾಗ ಖಾಲಾ ಮುಖಕ್ಕೆಲ್ಲ ಪೌಡರ್ ಬಳಿದಿದ್ದರು" ಎಂದರು ಅಮ್ಮಿ, ಟ್ರೇ ಕೆಳಗಿಡುತ್ತ. "ಕುತ್ತಿಗೆಗೂ ಹಚ್ಚಿದರು. ಕೈಗೆ ಹಚ್ಚೋದು ಮರೆತುಬಿಟ್ಟರು. ಟ್ರೇ ಹಿಡಿದಾಗ ನನ್ನ ಕೈ ನನಗೇ ಕಾಣಿಸಿತು. ಮುಖ ಒಬ್ಬಳದು, ಕೈ ಇನ್ನೊಬ್ಬಳದು." ಈ ಮಾತನ್ನು ಅವರು ನಮಗೆ ಎಂದೂ ಹೇಳಿರಲಿಲ್ಲ. ಅಷ್ಟರಲ್ಲಿ ಮಂಚದ ಮೇಲೆ ತಸ್ಬೀಹ್ ಹಿಡಿದು ಕಣ್ಣು ಮುಚ್ಚಿದ್ದ ದಾದಿಮಾ, "ನಾನೂ ನೋಡಿದ್ದೆ. ಕೈ ಕಪ್ಪಿತ್ತು, ಟ್ರೇ ಅಲ್ಲಾಡಲಿಲ್ಲ" ಎಂದರು. ಮತ್ತೆ ತುಟಿ ಅಲ್ಲಾಡಿಸತೊಡಗಿದರು. ಅದು ಹೊಗಳಿಕೆಯೋ ಅಲ್ಲವೋ ಅಮ್ಮಿಗೆ 24 ವರ್ಷಗಳ ನಂತರವೂ ತಿಳಿದ ಹಾಗೆ ಕಾಣಲಿಲ್ಲ.

ಫೋಟೋ ಚೆನ್ನಾಗಿ ಬಂದಿಲ್ಲ. ನನ್ನ ಪೇಪರ್ ಅರ್ಧ ಚೌಕಟ್ಟನ್ನು ಮುಚ್ಚಿದೆ, ಟ್ಯೂಬ್‌ಲೈಟ್ ಒಂದು ಮೂಲೆಯಲ್ಲಿ ಉರಿಯುತ್ತಿದೆ. ಆದರೆ ಟ್ರೇ ಹಿಡಿದ ಅಮ್ಮಿಯ ಕೈಗಳು ಸ್ಪಷ್ಟವಾಗಿವೆ, ಅವರನ್ನು ತಲೆಯೆತ್ತಿ ನೋಡುತ್ತಿರುವ ಆಪಾಳ ಮುಖವೂ ಸ್ಪಷ್ಟವಾಗಿದೆ. ಯಾವ ಬಣ್ಣವಿದೆಯೋ ಅದೇ ಬಣ್ಣದಲ್ಲಿ. ಈ ಬರಹದ ಜೊತೆ ಆ ಫೋಟೋ ಕೊಡು ಎಂದು ಸಂಪಾದಕ ಮಂಡಳಿಯವರು ಕೇಳಿದರು. ಅಮ್ಮಿಯನ್ನು ಕೇಳಿದೆ, ಬೇಡ ಎಂದರು. ಬರೆಯುವುದಕ್ಕೆ ಮಾತ್ರ ಒಪ್ಪಿದರು, ಅದೂ ಹೆಸರಿಲ್ಲದೆ.

ಆ ಫೋಟೋದಿಂದ ತನ್ನ ಮುಖದಷ್ಟನ್ನೇ ಕತ್ತರಿಸಿ ಆಪಾ ಅಬ್ಬಾಗೆ ಕಳಿಸಿದ್ದಾಳೆ, ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕೊಡಿ ಎಂದು. ಅಬ್ಬಾ "ಆಯ್ತು ಬೇಟಾ" ಎಂದರು. ಸ್ಟುಡಿಯೋದ ಫೋಟೋವನ್ನು ಅವರು ಇನ್ನೂ ಅಳಿಸಿಲ್ಲ. ನಿನ್ನೆ ಚಾರ್ಜಿಗೆ ಹಾಕುವಾಗ ನೋಡಿದೆ, ಎರಡೂ ಅವರ ಮೊಬೈಲಿನಲ್ಲಿವೆ. ಮುಂದಿನ ತಿಂಗಳು ಇನ್ನೊಂದು ಮನೆಯವರು ಕೇಳಿದ್ದಾರಂತೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ